ಹಿಂದಿನ ಎಡಗಡೆಯ ಬಾಗಿಲು

ಅರಗು ಬಿಸಿಯಾದಾಗ ಏಳುವ ವಾಸನೆಯನ್ನು ಅದನ್ನು ಮೂಸದವರಿಗೆ ಹೇಳುವುದು ಕಷ್ಟ. ಸೀದ ಬೆಲ್ಲದ ಹಾಗೆ ಎನ್ನಬಹುದು, ಆದರೆ ಅದರಲ್ಲಿ ಸಿಹಿಯಿಲ್ಲ. ಸಾಂಬ್ರಾಣಿಯ ಹಾಗೆ ಎನ್ನಬಹುದು, ಆದರೆ ಅಷ್ಟು ಭಕ್ತಿಯೂ ಅದಕ್ಕಿಲ್ಲ. ಗರಗರ ತಿರುಗುವ ಹಾಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಬೆಂಕಿ ಬೇಡ, ಕುಂಚ ಬೇಡ. ಆಗ ಏಳುವ ವಾಸನೆ ಅದು. ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಬೆಳಗಿನ ಎಂಟು ಗಂಟೆಗೆ ಶುರುವಾದರೆ ದೀಪ ಹಚ್ಚುವವರೆಗೂ ಅದೇ ಗಾಳಿ. ಪಕ್ಕದ ಬೀದಿಯಲ್ಲಿ ನೂಲು ಬಿಚ್ಚುವ ಮನೆಗಳಿದ್ದವು, ಅಲ್ಲಿಂದ ಬೆಂದ ರೇಷ್ಮೆಹುಳದ ನಾತ ಬಂದು ಇದರ ಜೊತೆ ಸೇರಿಕೊಳ್ಳುತ್ತಿತ್ತು. ನಮಗಂತೂ ಮೂಗು ಮುಚ್ಚಿಕೊಳ್ಳಬೇಕು ಎಂದು ಯಾವತ್ತೂ ಅನ್ನಿಸಲಿಲ್ಲ. ಶಾಲೆಯಲ್ಲಿ ಪಕ್ಕ ಕೂರುವ ಹುಡುಗಿಯರು ನನ್ನ ಜಡೆ ಮೂಸಿ ಗೊಂಬೆ ವಾಸನೆ ಎಂದು ನಗುತ್ತಿದ್ದರು. ನನಗೆ ಅದು ತಾತನ ವಾಸನೆ. ಅರವತ್ತು ದಾಟಿದ್ದೇನೆ, ಈಗಲೂ ಅಂಗಡಿಯಲ್ಲಿ ಹೊಸ ಬುಗುರಿ ಕೈಗೆ ತೆಗೆದುಕೊಂಡರೆ ಮೊದಲು ಮೂಗಿಗೆ ಹಿಡಿಯುತ್ತೇನೆ. ನಿಮಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ, ಎಲ್ಲೋ ಸುಳಿದರೆ ಸಾಕು, ಇಲ್ಲವಾದ ಮನೆಯೊಂದು ಎದ್ದು ನಿಲ್ಲುತ್ತದೆ. ಹೋದ ತಿಂಗಳು ನನಗೆ ಅದು ಬಂದದ್ದು ತುಕ್ಕು ಹಿಡಿದ ಕಾರೊಂದರ ಒಳಗೆ.

ಕಾರು ನಮ್ಮ ಅಪ್ಪನದು. ಐವತ್ತು ವರ್ಷಕ್ಕೂ ಮೇಲೆ ಅದು ನಮ್ಮ ಹಿತ್ತಲ ಕೊಟ್ಟಿಗೆಯಲ್ಲಿ ನಿಂತೇ ಇತ್ತು. ಆ ಮನೆಯಲ್ಲಿ ಈಗ ನನ್ನ ತಮ್ಮ ರವಿ ಇದ್ದಾನೆ. ಹಳೇ ಹೈವೇ ಪಕ್ಕದಲ್ಲಿ ಗೊಂಬೆ ಅಂಗಡಿ ಇಟ್ಟಿದ್ದಾನೆ. ನಾನು ಮದುವೆಯಾಗಿ ಕನಕಪುರ ಸೇರಿದವಳು, ತಾಲ್ಲೂಕು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತಳಾದವಳು. ಮಳೆಗೆ ಕೊಟ್ಟಿಗೆಯ ಸೂರು ಕುಸಿದಿದೆ, ಕಾರಿನ ವಿಷಯ ಈಗಲಾದರೂ ಒಂದು ತೀರ್ಮಾನ ಮಾಡಬೇಕು ಎಂದು ರವಿ ಫೋನ್ ಮಾಡಿದ. ಹೊಸ ರಸ್ತೆ ಬಂದ ಮೇಲೆ ಬೆಂಗಳೂರು-ಮೈಸೂರು ಓಡಾಡುವವರು ಊರೊಳಗೆ ಬರುವುದನ್ನೇ ಬಿಟ್ಟಿದ್ದರು. ಹಳೇ ಅಂಬಾಸಿಡರನ್ನು ಫಳಫಳ ಮಾಡಿಸಿ ಅಂಗಡಿ ಮುಂದೆ ನಿಲ್ಲಿಸಿದರೆ ಮಕ್ಕಳು ಹತ್ತಿ ಆಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ನಾಲ್ಕು ಜನ ನಿಲ್ಲುತ್ತಾರೆ ಎಂಬುದು ಅವನ ಲೆಕ್ಕಾಚಾರ. ಆದರೆ ನೋಡಲು ಬಂದ ರಾಮನಗರದ ಮೆಕ್ಯಾನಿಕ್ ಇಮ್ತಿಯಾಜ್, ಸರಿ ಮಾಡಿಸುವುದಕ್ಕಿಂತ ಬಿಚ್ಚಿ ಭಾಗಭಾಗವಾಗಿ ಮಾರುವುದೇ ವಾಸಿ, ಇಂಥ ಗಾಡಿಯ ದೀಪ, ಗ್ರಿಲ್ಲು, ಬಂಪರುಗಳಿಗೆ ಹುಡುಕಿಕೊಂಡು ಬರುವವರಿದ್ದಾರೆ ಎಂದಿದ್ದನಂತೆ. ರವಿಯ ಮನಸ್ಸು ಎರಡಾಗಿತ್ತು. ‘ನೀನೇ ಬಂದು ಹೇಳಕ್ಕ, ನೀನು ಹೆಂಗಂದ್ರೆ ಹಂಗೆ’ ಎಂದ. ನಾನು ಫೋನಿನಲ್ಲೇ ಹೇಳಿಬಿಟ್ಟೆ, ಬಿಚ್ಚುವ ಮಾತು ಎತ್ತಬೇಡ, ಸರಿ ಮಾಡಿಸು, ನನ್ನ ಕೈಲಾದದ್ದು ನಾನೂ ಹಾಕುತ್ತೇನೆ ಎಂದು. ಅದು ಅಪ್ಪನ ಕಾರಾದರೂ ನನಗೆ ತಾತನ ಕಾರು.

ಹಾಗೇಕೆ ಎಂದು ಹೇಳಬೇಕು. ರಾಮನಗರದ ಡಾಕ್ಟರೊಬ್ಬರ ಹತ್ತಿರ ಓಡಿ ಓಡಿ ಸುಸ್ತಾದ ಮೇಲೆ ಅದು ಅಪ್ಪನ ಕೈಗೆ ಬಂದಿತ್ತು. ಅಪ್ಪ ಅದನ್ನು ಬಾಡಿಗೆಗೆ ಓಡಿಸುತ್ತಿದ್ದ. ಮದುವೆ ಹೆಣ್ಣು, ಬಾಣಂತಿ, ಕಬ್ಬಾಳಿಗೆ ಹರಕೆ ಹೊತ್ತವರು, ಗೂಡಿನ ಕಾಲದಲ್ಲಿ ಹಿಂದಿನ ಸೀಟು ಕಿತ್ತು ಮಾರುಕಟ್ಟೆಗೆ ಒಯ್ಯುವ ರೇಷ್ಮೆಗೂಡಿನ ಮೂಟೆ, ಎಲ್ಲವೂ ಅದರಲ್ಲೇ. ವಯಸ್ಸಾದ ಗಾಡಿ, ವಾರಕ್ಕೊಂದು ಭಾಗ ಉದುರುತ್ತಿತ್ತು. ಹೊಸದು ಬೇಕೆಂದರೆ ಬೆಂಗಳೂರಿಗೆ ಹೋಗಿ ಹುಡುಕಿ ತರಬೇಕು, ಒಂದು ದಿನದ ಬಾಡಿಗೆ ಹಾಳು. ತಾತನಿಗೆ ಅದು ಅವಮಾನದ ಹಾಗೆ ಕಾಣುತ್ತಿತ್ತು. ಕಣ್ಣಳತೆಯಲ್ಲೇ ಗುಂಡು ಕಡೆಯುವ ತಾನಿರುವಾಗ ಮಗ ಬೆಂಗಳೂರಿಗೆ ಯಾಕೆ ಹೋಗಬೇಕು? ಗೇರಿನ ತುದಿಯ ಗುಂಡು ಒಡೆದಾಗ ಹಸಿರು ಹಳದಿ ಪಟ್ಟೆಯ ಮರದ ಗುಂಡು ಬಂತು. ಗಾಜು ಇಳಿಸುವ ಹಿಡಿಗಳು ಹೋದಾಗ ನಾಲ್ಕು ಬಾಗಿಲಿಗೂ ನಾಲ್ಕು ಬಣ್ಣದ ಹಿಡಿ ಬಂದವು. ಹಾರನ್ನಿನ ಗುಂಡಿ, ಕನ್ನಡಿಯ ಚೌಕಟ್ಟು, ಬೂದಿ ಡಬ್ಬಿಯ ಮುಚ್ಚಳ, ಒಂದೊಂದಾಗಿ ಎಲ್ಲ ಮರದ್ದಾಯಿತು. ಬಾಡಿಗೆಗೆ ಹತ್ತಿದವರು ಗೊಂಬೆ ಕಾರು ಎಂದು ರೇಗಿಸಿದರೆ ಅಪ್ಪನಿಗೆ ನಾಚಿಕೆ, ತಾತನಿಗೆ ಮೀಸೆಯಡಿ ನಗು. ಸಂಜೆ ಗಾಡಿ ಮನೆಗೆ ಬಂದ ಕೂಡಲೇ ಇವತ್ತೇನು ಮುರಿಯಿತು ಎಂದು ಕೇಳಿಕೊಂಡೇ ಹೊರಗೆ ಬರುತ್ತಿದ್ದ. ಏನೂ ಮುರಿದಿಲ್ಲ ಎಂದರೆ ಅವನ ಮುಖ ಸಣ್ಣದಾಗುತ್ತಿತ್ತು.

ತಾತನ ಕೆಲಸದ ಜಾಗ ಬೀದಿ ಕಡೆಯ ಜಗುಲಿಯಲ್ಲಿತ್ತು. ಮಧ್ಯಾಹ್ನ ಶಾಲೆಯಿಂದ ಊಟಕ್ಕೆ ಬಂದರೆ ನಾನು ಅಡುಗೆಮನೆಗೆ ಹೋಗುತ್ತಿರಲಿಲ್ಲ, ಮೊದಲು ಅಲ್ಲಿ ಮರದ ಸಿಪ್ಪೆಗಳ ಗುಡ್ಡೆಯ ಮೇಲೆ ಕೂರುತ್ತಿದ್ದೆ. ಉಳಿಯ ಬಾಯಿಂದ ಬಿಳಿ ಸುರುಳಿಗಳು ಹಾರಿ ಬಂದು ಮಡಿಲಿಗೆ ಬೀಳುತ್ತಿದ್ದವು. ಕೇದಗೆ ಗರಿಯಿಂದ ಅರಗನ್ನು ತಿಕ್ಕಿ ಹೊಳಪು ಕೊಡುವಾಗ ಆ ಗರಿಯನ್ನು ನನ್ನ ಕೈಗೆ ಕೊಟ್ಟು, ಮೇಲೆ ತನ್ನ ಕೈ ಇಟ್ಟು ಒತ್ತುತ್ತಿದ್ದ. ಅವನ ಅಂಗೈ ಒಣಗಿದ ಚರ್ಮದ ಚಪ್ಪಲಿಯಷ್ಟು ಗಟ್ಟಿ. ಹೆಚ್ಚು ಮಾತಿನವನಲ್ಲ. ಕೆಲಸದ ವಿಷಯದಲ್ಲಿ ಮಾತ್ರ ಅವನಿಗೊಂದು ಸೊಕ್ಕಿತ್ತು, ಅದನ್ನು ನಮ್ಮ ಬೀದಿಯೆಲ್ಲ ಬಲ್ಲದು. ಗೊಂಬೆಗೆ ಮೊಳೆ ಹೊಡೆಯುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಗೂಟ ಕಡೆದು ತೂತಿಗೆ ಕೂರಿಸಿ, ಸಂದಿಗೆ ಅರಗು ಕರಗಿಸಿ ಬಿಟ್ಟರೆ ಮುಗಿಯಿತು, ಅದು ಅಲ್ಲಾಡಬಾರದು. ‘ಮೊಳೆ ಹೊಡೆಯೋದು ಕೈಲಾಗ್ದೋನ ಕೆಲ್ಸ ಕಣವ್ವ’ ಎನ್ನುತ್ತಿದ್ದ. ‘ಮರ ಮರನ ಹಿಡ್ಕೋಬೇಕು, ಅರಗು ಅವೆರಡ್ನೂ ಒಪ್ಪುಸ್ಬೇಕು.’ ಅವನ ಉಪಕರಣದ ಪೆಟ್ಟಿಗೆಯಲ್ಲಿ ಒಂದು ಮೊಳೆ ಹುಡುಕಿದರೂ ಸಿಗುತ್ತಿರಲಿಲ್ಲ.

ನನಗೆ ಹತ್ತು ವರ್ಷವಾಗಿದ್ದಾಗ, ಸಂಕ್ರಾಂತಿ ಕಳೆದ ಮೇಲೆ, ಹಿಂದಿನ ಎಡಗಡೆಯ ಬಾಗಿಲಿನ ಲಾಕು ಸವೆದುಹೋಯಿತು. ಬಾಗಿಲು ಹಾಕಿದರೂ ಹಳ್ಳ ಬಂದರೆ ತೆರೆದುಕೊಳ್ಳುತ್ತಿತ್ತು. ಲಗ್ನದ ಕಾಲ, ಅಪ್ಪನಿಗೆ ದಿನಾ ಬಾಡಿಗೆ. ತಾತ ಮನೆಯ ಕದಕ್ಕೆ ಇರುವ ಹಾಗೆ ಒಂದು ಪುಟ್ಟ ಮರದ ಅಗಳಿ ಮಾಡಿದ. ಬಾಗಿಲಿಗೆ ಅಗಳಿ, ಬಾಗಿಲು ಬಂದು ಕೂರುವ ತಗಡಿನ ಕಂಬದಲ್ಲಿ ಒಂದು ತೂತು, ಆ ತೂತಿಗೆ ಅಗಳಿಯ ತುದಿ ಹೋಗಿ ಕೂರಲು ಒಂದು ಮರದ ಬಳೆ. ಬಳೆಯನ್ನು ತೂತಿಗೆ ಬಿಗಿಯಾಗಿ ಒತ್ತಿ ಸುತ್ತಲೂ ಕೆಂಪು ಅರಗು ತುಂಬಿದ್ದ. ಅಪ್ಪ ಗಟ್ಟಿ ಇರುತ್ತದಾ ಎಂದು ಒಂದು ಮಾತು ಕೇಳಿದ್ದಕ್ಕೆ, ಆನೆ ಕಟ್ಟಿದರೂ ಬರುವುದಿಲ್ಲ ಎಂದು ತಾತ ಸಿಡುಕಿದ್ದು ನೆನಪಿದೆ. ಬೆರಳಿಟ್ಟು ತಳ್ಳಲು ಅಗಳಿಯ ಮೇಲೆ ಗುಲಗಂಜಿಯಷ್ಟು ಕೆಂಪಾದ ಗುಂಡು. ಮನೆಯವರು ಹೊರಟಾಗಲೆಲ್ಲ ಅದರ ಪಕ್ಕ ಕೂರುವುದು, ಅದನ್ನು ತಳ್ಳಿ ಹಾಕುವುದು ನನ್ನ ಕೆಲಸ. ಆ ಕೆಲಸವನ್ನು ತಾತನೇ ನನಗೆ ವಹಿಸಿದ್ದ. ನಾನು ಅದರಲ್ಲಿ ಎಷ್ಟು ಹೆಮ್ಮೆ ಪಡುತ್ತಿದ್ದೆ ಎಂದರೆ ಬೇರೆ ಯಾರಾದರೂ ಅದನ್ನು ಮುಟ್ಟಿದರೆ ಜಗಳಕ್ಕೆ ಹೋಗುತ್ತಿದ್ದೆ.

ಆ ವರ್ಷ ಬೇಸಿಗೆಯಲ್ಲಿ ನನ್ನ ತಂಗಿ ಚಂದ್ರಿಯ ಮುಡಿ ಕೊಡಲು ಕಬ್ಬಾಳಿಗೆ ಹೋದೆವು. ಅವಳಿಗೆ ಮೂರು ತುಂಬಿತ್ತು. ರವಿ ಆಗಿನ್ನೂ ಹುಟ್ಟಿರಲಿಲ್ಲ. ಅಪ್ಪ, ಅವ್ವ, ನಾನು, ಚಂದ್ರಿ, ಅಷ್ಟೇ ಜನ. ತಾತ ಕೈಯಲ್ಲಿ ಕೆಲಸವಿದೆ ಎಂದು ಮನೆಯಲ್ಲೇ ಉಳಿದ. ಕಬ್ಬಾಳಮ್ಮನ ಗುಡಿಯ ಹತ್ತಿರ ನೆರಳು ಸಿಗದೆ ಅಪ್ಪ ಗಾಡಿಯನ್ನು ಬಯಲಲ್ಲೇ ನಿಲ್ಲಿಸಿದ್ದ. ಬೆಳಿಗ್ಗೆಯಿಂದ ಮೂರು ಗಂಟೆವರೆಗೆ, ಗಾಜು ಏರಿಸಿ, ಬಾಗಿಲು ಹಾಕಿ, ಅದು ಆ ಬಿಸಿಲಲ್ಲಿ ನಿಂತಿತ್ತು. ವಾಪಸು ಹೊರಡುವಾಗ ಒಳಗೆ ಕಾಲಿಡಲು ಆಗಲಿಲ್ಲ. ಸೀಟಿನ ರೆಕ್ಸಿನ್ ತೊಡೆಗೆ ಸುಡುತ್ತಿತ್ತು, ಅವ್ವ ತನ್ನ ಸೆರಗು ಹಾಸಿ ಕೂರಿಸಿದಳು. ಕಾರಿನ ತುಂಬ ಅರಗಿನ ವಾಸನೆ ಇತ್ತು. ತಾತ ನಮ್ಮ ಜೊತೆಗೇ ಬಂದಿದ್ದಾನೆ ಅನ್ನಿಸಿ ನನಗೆ ಖುಷಿಯಾಯಿತು. ಚಂದ್ರಿಯ ಬೋಳು ತಲೆಗೆ ಗಂಧ ಬಳಿದಿದ್ದರು. ಅವಳು ನನ್ನ ಮಡಿಲಲ್ಲಿ ಕೂತು ಬಾಗಿಲಿಗೆ ಒರಗಿ ನಿದ್ದೆ ಹೋದಳು. ಅಗಳಿ ಹಾಕಿದ್ದೆನೋ ಇಲ್ಲವೋ, ಆ ಒಂದು ಕ್ಷಣ ಮಾತ್ರ ನನ್ನ ನೆನಪಿನಲ್ಲಿ ಇಲ್ಲ. ಹೋಗುವಾಗ ಹಾಕಿದ್ದು ನೆನಪಿದೆ. ಬರುವಾಗಿನದು ಇಲ್ಲ. ಸಾತನೂರು ದಾಟಿ, ಹೊಂಗನೂರು ಇನ್ನೂ ಬರುವ ಮುಂಚೆ, ಕೆರೆ ಏರಿಯ ತಿರುವಿನಲ್ಲಿ ಕುರಿ ಮಂದೆ ಅಡ್ಡ ಬಂತು. ಅಪ್ಪ ಸ್ಟೇರಿಂಗ್ ತಿರುಗಿಸಿದ. ನನ್ನ ಮಡಿಲು ಇದ್ದಕ್ಕಿದ್ದ ಹಾಗೆ ಹಗುರಾಯಿತು. ಬಾಗಿಲು ತೆರೆದುಕೊಂಡು ಗಾಳಿಗೆ ಬಡಿದುಕೊಳ್ಳುತ್ತಿತ್ತು.

ಅದಕ್ಕಿಂತ ಹೆಚ್ಚು ಬರೆಯಲು ನನ್ನಿಂದಾಗದು. ಯಾರದೋ ಜೀಪಿನಲ್ಲಿ ಅಪ್ಪ ಅವ್ವ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದರು, ಹೋಗುವ ಹೊತ್ತಿಗೇ ಮುಗಿದಿತ್ತು. ಅಪ್ಪನ ಗೆಳೆಯನೊಬ್ಬ ಬಾಗಿಲಿಗೆ ಹಗ್ಗ ಬಿಗಿದು, ನನ್ನನ್ನು ಮುಂದೆ ಕೂರಿಸಿಕೊಂಡು, ಗಾಡಿಯನ್ನು ಮನೆಗೆ ತಂದು ಹಿತ್ತಲ ಕೊಟ್ಟಿಗೆಯಲ್ಲಿ ಬಿಟ್ಟ. ಮರುದಿನ ಬೆಳಗಿನ ಜಾವ, ಹೆಂಗಸರ ಸಾಲಿನ ಮಧ್ಯೆ ನನ್ನನ್ನು ಮಲಗಿಸಿದ್ದಾಗ, ಹಿತ್ತಲಿನಿಂದ ಸುತ್ತಿಗೆಯ ಸದ್ದು ಕೇಳಿಸಿತು. ನಾಲ್ಕೈದು ಏಟು, ಅಷ್ಟೇ. ಚಪ್ಪರಕ್ಕೆ ಮೊಳೆ ಹೊಡೆಯುತ್ತಿದ್ದಾರೆ ಎಂದುಕೊಂಡು ಮತ್ತೆ ಕಣ್ಣು ಮುಚ್ಚಿದೆ. ಸಾವಿಗೂ ಮದುವೆಗೂ ನಮ್ಮ ಬೀದಿಯಲ್ಲಿ ಚಪ್ಪರ ಏಳುತ್ತಿತ್ತಲ್ಲ. ಹಾಲು ಕುಡಿಯುವ ಮಕ್ಕಳು, ಸಣ್ಣ ಮಕ್ಕಳು ಹೋದರೆ ನಮ್ಮಲ್ಲಿ ಚಪ್ಪರ ಹಾಕುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ದೊಡ್ಡವಳಾದ ಮೇಲೆ. ಗೊತ್ತಾದ ಮೇಲೂ ಆ ಸದ್ದು ಏನು ಎಂದು ಯೋಚಿಸಲಿಲ್ಲ.

ಅವತ್ತೇ ಮಧ್ಯಾಹ್ನ ಪೊಲೀಸ್ ದಫೇದಾರರೊಬ್ಬರು ಗಾಡಿ ನೋಡಲು ಬಂದರು. ಒಳ್ಳೆಯ ಮನುಷ್ಯ, ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡೇ ಹಿತ್ತಲಿಗೆ ಬಂದರು. ಬಾಗಿಲು ಹಾಕಿ, ಅಗಳಿ ತಳ್ಳಿ, ಹೊರಗಿನಿಂದ ಎರಡು ಕೈಯಲ್ಲೂ ಎಳೆದು ನೋಡಿದರು. ಬಾಗಿಲು ಅಲ್ಲಾಡಲಿಲ್ಲ. ‘ಅಗಳಿ ಗಟ್ಟಿಯಾಗೇ ಐತಲ್ಲ’ ಎಂದರು. ಆಮೇಲೆ ನನ್ನ ಕಡೆ ತಿರುಗಿ, ಮೊಣಕಾಲೂರಿ ಕೂತು, ಮೆಲ್ಲಗೆ ಕೇಳಿದರು: ‘ನೀನು ಮುಟ್ಟಿದ್ಯೇನವ್ವ ಇದ್ನ?’ ನಾನು ತಾತನನ್ನು ನೋಡಿದೆ. ತಾತ ನೆಲ ನೋಡುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಕಳ್ಳ ಮಾತ್ರ ಎಂದು ಗಾದೆ ಮಾಡಿದವರಿಗೆ ಹತ್ತು ವರ್ಷದ ಮಕ್ಕಳ ಪರಿಚಯವಿರಲಿಲ್ಲ. ಹಿಂದಿನ ದಿನ ಬೆಳಿಗ್ಗೆ ಹೋಗುವಾಗ ಮುಟ್ಟಿದ್ದೆನಲ್ಲ, ದಿನಾ ಮುಟ್ಟುತ್ತಿದ್ದೆನಲ್ಲ. ‘ಮುಟ್ಟಿದ್ದೆ’ ಎಂದೆ. ದಫೇದಾರರು ನನ್ನ ತಲೆ ಸವರಿ ಎದ್ದರು. ಅಪ್ಪ ಗೋಡೆಗೆ ಮುಖ ಮಾಡಿ ನಿಂತ. ಅಲ್ಲಿಗೆ ವಿಚಾರಣೆ ಮುಗಿಯಿತು.

ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ, ಅದನ್ನು ಹೇಳಲೇಬೇಕು. ಅಪ್ಪ ಕುರಿಗಳನ್ನು ಬೈದ, ತನ್ನನ್ನು ಬೈದುಕೊಂಡ, ದೇವರನ್ನೂ ಬಿಡಲಿಲ್ಲ; ನನ್ನನ್ನು ಮಾತ್ರ ಬೈಯಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಆದರೆ ಆಮೇಲೆ ಯಾವ ಬಸ್ಸಿನಲ್ಲೂ ಜೀಪಿನಲ್ಲೂ ಅವ್ವ ನನ್ನನ್ನು ಬಾಗಿಲ ಪಕ್ಕ ಕೂರಿಸಲಿಲ್ಲ, ಕೈ ಹಿಡಿದು ಒಳಗೆ ಎಳೆದುಕೊಳ್ಳುತ್ತಿದ್ದಳು. ನೆಂಟರ ಮನೆಯಲ್ಲಿ ನಾನು ಯಾರದಾದರೂ ಕೂಸನ್ನು ಎತ್ತಿಕೊಂಡರೆ, ಕೊಡವ್ವ ಇಲ್ಲಿ ಎಂದು ನಗುನಗುತ್ತಲೇ ಇಸಿದುಕೊಂಡುಬಿಡುವಳು. ಎರಡು ವರ್ಷದ ಮೇಲೆ ಹುಟ್ಟಿದ ರವಿಯನ್ನು ಅವನಿಗೆ ಓಡುವ ವಯಸ್ಸು ಬರುವವರೆಗೂ ನನ್ನ ಮಡಿಲಿಗೆ ಹಾಕಲಿಲ್ಲ. ನನಗೇ ಮಗ ಹುಟ್ಟಿದಾಗ ಮೂರು ತಿಂಗಳು ಬಾಣಂತನ ಮಾಡಿದಳು; ಮೊಲೆಯೂಡಿಸಿದ ಕೂಡಲೇ ಮಗುವನ್ನು ಎತ್ತಿಕೊಂಡು ಹೊರಟುಹೋಗುತ್ತಿದ್ದಳು. ನಾನೂ ಕೊಟ್ಟುಬಿಡುತ್ತಿದ್ದೆ, ನನ್ನ ಕೈಯ ಮೇಲೆ ನನಗೇ ನಂಬಿಕೆ ಇರಲಿಲ್ಲ. ನನ್ನ ಮಗನಿಗೆ ಈಗ ಮೂವತ್ತೈದು, ಅವನನ್ನು ಎತ್ತಿಕೊಂಡು ನಾನು ರಸ್ತೆಗೆ ಬಂದದ್ದು ಬೆರಳೆಣಿಕೆಯಷ್ಟು ಸಲ. ಐದು ವರ್ಷದ ಹಿಂದೆ ಅವ್ವ ಹಾಸಿಗೆ ಹಿಡಿದಾಗ, ಹೋಗುವ ಮೂರು ದಿನದ ಮುಂಚೆ, ನನ್ನ ಕೈ ಹಿಡಿದುಕೊಂಡು ತಾನಾಗಿಯೇ ಹೇಳಿದಳು. ‘ಬುಡವ್ವ. ನೀನೂ ಮಗು ಅಲ್ವ ಆವಾಗ.’ ಅಷ್ಟು ವರ್ಷ ನಾನು ಕಾದಿದ್ದ ಕ್ಷಮೆ ಅದು. ಕನಕಪುರಕ್ಕೆ ಬಂದು ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೆ.

ತಾತ ಮಾತ್ರ ಹಾಗಿರಲಿಲ್ಲ. ಚಂದ್ರಿ ಹೋದ ಮೇಲೆ ಅವನ ಅಕ್ಕರೆಯೆಲ್ಲ ನನ್ನ ಮೇಲೆ ಸುರಿಯಿತು. ವಾರಕ್ಕೊಂದು ಹೊಸ ಆಟದ ಸಾಮಾನು, ನನಗೆ ಆಡುವ ವಯಸ್ಸು ಕಳೆದ ಮೇಲೂ. ಪುಟ್ಟ ಬೀಸುವ ಕಲ್ಲು, ಒರಳು, ಕುಂಕುಮದ ಭರಣಿ, ಬಳೆ ಕಂಬ. ಹಬ್ಬದ ದಿನ ಎಲ್ಲರಿಗಿಂತ ಮುಂಚೆ ನನಗೆ ಬಡಿಸಬೇಕು. ರಾತ್ರಿ ಬೆಚ್ಚಿ ಎದ್ದರೆ ಅವನೇ ಬಂದು ಹಣೆಗೆ ವಿಭೂತಿ ಇಡುತ್ತಿದ್ದ. ಅಪ್ಪ ಡ್ರೈವಿಂಗ್ ಬಿಟ್ಟು ಅದೇ ಜಗುಲಿಯ ಇನ್ನೊಂದು ಮೂಲೆಯಲ್ಲಿ ಕಡೆಯುವ ಕೆಲಸಕ್ಕೆ ಕೂತಿದ್ದ. ಅಪ್ಪ ಮಗ ಬೆನ್ನಿಗೆ ಬೆನ್ನು ಮಾಡಿ ಒಂಬತ್ತು ವರ್ಷ ಕೂತರು, ಮಾತು ಬೇಕಾದಷ್ಟೇ. ಕಾರನ್ನು ಯಾರಿಗಾದರೂ ಎಷ್ಟಕ್ಕಾದರೂ ಕೊಟ್ಟುಬಿಡೋಣ ಎಂದು ಅಪ್ಪ ಎಷ್ಟೋ ಸಲ ಅಂದ. ‘ನಾನಿರೋಗಂಟ ಅದು ಎಲ್ಲಿಗೂ ಹೋಗಕಿಲ್ಲ’ ಎಂದು ತಾತ ಪಟ್ಟು ಹಿಡಿದ. ಮಗು ಕೊನೇ ಸಲ ಕೂತ ಗಾಡಿ, ಮುದುಕನಿಗೆ ಬಿಡಲು ಮನಸ್ಸಿಲ್ಲ ಎಂದು ಬೀದಿಯವರು ಕಣ್ಣೊರೆಸಿಕೊಂಡರು. ನಾನು ಹತ್ತೊಂಬತ್ತರಲ್ಲಿದ್ದಾಗ ತಾತ ಹೋದ. ಅಷ್ಟು ಹೊತ್ತಿಗೆ ಕೋಳಿಗಳು ಹಿಂದಿನ ಸೀಟಿನಲ್ಲಿ ಮೊಟ್ಟೆ ಇಡುತ್ತಿದ್ದವು, ಅಪ್ಪನಿಗೂ ಅದನ್ನು ಮಾರುವ ಉಸಾಬರಿ ಬೇಡವಾಗಿತ್ತು. ಆ ಮನೆಯಲ್ಲಿ ನನ್ನನ್ನು ನಿಜವಾಗಿ ಕ್ಷಮಿಸಿದವನು ತಾತ ಒಬ್ಬನೇ ಎಂದು ನಾನು ನಂಬಿದ್ದೆ. ಕಾರನ್ನು ಉಳಿಸಬೇಕು ಎಂದು ಹೋದ ತಿಂಗಳು ನಾನು ಹಟ ಹಿಡಿದದ್ದು ಅದಕ್ಕೇ.

ನಾನು ಹೋದ ದಿನ ಇಮ್ತಿಯಾಜ್ ಬೆಳಿಗ್ಗೆಯೇ ಬಂದಿದ್ದ. ಐವತ್ತರ ಆಸುಪಾಸಿನವನು, ಕನ್ನಡಕವನ್ನು ದಾರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ. ಬಿದ್ದ ಹೆಂಚುಗಳನ್ನು ಬದಿಗೆ ಸರಿಸಿ ಕಾರಿನ ಸುತ್ತ ಒಂದು ದಾರಿ ಮಾಡಿದ್ದರು. ನೆಲದ ತಗಡು ತಿಂದುಹೋಗಿ ಒಳಗಿನಿಂದಲೇ ಮಣ್ಣು ಕಾಣುತ್ತಿತ್ತು. ಗೇರಿನ ಗುಂಡು ಮಾತ್ರ ಇದ್ದ ಹಾಗೇ ಇತ್ತು, ಸೆರಗಿನಿಂದ ಒರೆಸಿದೆ, ಹಸಿರು ಹಳದಿ ಪಟ್ಟೆ ಎದ್ದು ಬಂತು. ಇಮ್ತಿಯಾಜ್ ನನ್ನ ಮುಖ ನೋಡಿ ಸಂಕೋಚದಿಂದಲೇ ಹೇಳಿದ, ಸರಿ ಮಾಡಿಸುವುದಾದರೆ ಈ ಮರದ್ದೆಲ್ಲ ತೆಗೆದು ಹಾಕಬೇಕಾಗುತ್ತದೆ, ಹಳೇ ಗಾಡಿ ಬಲ್ಲವರು ಕಂಪನಿಯ ಸಾಮಾನೇ ಇರಬೇಕು ಅನ್ನುತ್ತಾರೆ ಎಂದು. ರವಿಯೂ ಹೌದು ಎಂದ. ನಾನು ಒಪ್ಪಲಿಲ್ಲ. ಮರ ಉಳಿಯದಿದ್ದರೆ ಅದು ಯಾರ ಕಾರು, ಮರ ಇರಲೇಬೇಕು ಎಂದು ದನಿ ಏರಿಸಿದೆ. ಇರಲಿ, ಮೊದಲು ಕಂಬಗಳ ಒಳಗೆ ಎಷ್ಟು ತುಕ್ಕಿದೆ ನೋಡೋಣ, ಕಂಬವೇ ಹೋಗಿದ್ದರೆ ಈ ಜಗಳವೇ ಬೇಡ ಎಂದು ಇಮ್ತಿಯಾಜ್ ಹಿಂದಿನ ಎಡಗಡೆಯ ಬಾಗಿಲನ್ನು ಎಳೆದು ತೆಗೆದು, ಕಂಬದ ಮೇಲಿನ ರೆಕ್ಸಿನ್ ಸೀಳಿದ.

ಮರದ ಬಳೆ ಕಂಬದಲ್ಲಿ ಕೂತೇ ಇತ್ತು. ಅವನು ಸ್ಕ್ರೂಡ್ರೈವರ್ ತುದಿಯಿಂದ ಮೀಟಿದ, ಬರಲಿಲ್ಲ. ಮೇಲಿನ ಅರಗನ್ನು ಕೆರೆದ. ಅರಗಿನ ಕೆಳಗೆ ಕಪ್ಪಾದ ಒಂದು ಮೊಳೆಯ ತಲೆ ಕಂಡಿತು, ಎದುರಿಗೆ ಇನ್ನೊಂದು. ‘ಇದ್ಕೆ ಯಾರೋ ಆಮೇಲೆ ಮೊಳೆ ಹೊಡ್ದವ್ರೆ ಕಣಕ್ಕ’ ಎಂದ. ‘ಮೊದ್ಲು ಬರೀ ಅರಗಲ್ಲಿ ಕೂರ್ಸಿದ್ರು. ಕಿತ್ಕೊಂಡ್ ಬಂದೈತೆ. ಇಲ್ನೋಡಿ.’ ರೆಕ್ಸಿನ್ ಹಿಂದೆ, ತೂತಿನ ಕೆಳಗೆ, ತಗಡಿನ ಮೇಲೆ ಗೇಣುದ್ದ ಕೆಂಪು ಅರಗು ಕರಗಿ ಇಳಿದು ತುದಿಯಲ್ಲಿ ಹನಿಯಾಗಿ ಗಟ್ಟಿಯಾಗಿತ್ತು. ಬಿಸಿಲಿಗೆ ಇಳಿದಿರಬೇಕು, ಅರಗು ಬಿಸಿಲಲ್ಲಿ ನಿಲ್ಲುತ್ತದಾ ಎಂದು ಅವನು ಯಾರಿಗೋ ಹೇಳುವ ಹಾಗೆ ಹೇಳಿದ. ಆ ಬಳೆ ಕೂರಿಸಿದ್ದು ಸಂಕ್ರಾಂತಿಯ ಮೇಲೆ. ಕಬ್ಬಾಳಿನಿಂದ ಬಂದ ಸಂಜೆಯಿಂದ ಆ ಗಾಡಿ ಮತ್ತೆ ಬಿಸಿಲು ಕಂಡಿಲ್ಲ. ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಾನು ಅಗಳಿ ಹಾಕಿದ್ದೆ. ಹಾಕಿರದಿದ್ದರೆ ಬಾಗಿಲಿನ ಜೊತೆ ಬಳೆ ಕಿತ್ತು ಬರುತ್ತಿರಲಿಲ್ಲ; ಬಳೆಯನ್ನು ಹಿಡಿದುಕೊಳ್ಳಲು ಅರಗೇ ಇರಲಿಲ್ಲ. ಜೀವಮಾನವಿಡೀ ಅರಗನ್ನು ಕರಗಿಸಿದವನು, ಅಂಗೈ ಬಿಸಿಯಲ್ಲೇ ಅದರ ಹದ ಹೇಳುತ್ತಿದ್ದವನು, ಬಿಸಿಲಿಗೂ ಅದು ಕರಗುತ್ತದೆ ಎಂಬುದನ್ನು ಮರೆತಿದ್ದ. ಗೊಂಬೆಗಳು ಮನೆಯೊಳಗೆ ಇರುತ್ತವೆ, ಬರೀ ಅರಗಿನ ಹಿಡಿತದ ಮೇಲೆ ಕೂತ ಅವನ ಕೆಲಸ ಯಾವತ್ತೂ ಬಯಲಲ್ಲಿ ನಿಂತಿರಲಿಲ್ಲ. ಅದು ತಪ್ಪು, ತಪ್ಪು ಯಾರಿಗೂ ಆಗುತ್ತದೆ, ಅಷ್ಟಕ್ಕೆ ನಾನು ಅವನನ್ನು ಒಂದು ಮಾತೂ ಅನ್ನುವವಳಲ್ಲ. ಆದರೆ ಹಗ್ಗ ಬಿಚ್ಚಿ, ಅಗಳಿಯ ತುದಿಗೇ ಸಿಕ್ಕಿಕೊಂಡು ಬಂದಿದ್ದ ಬಳೆಯನ್ನು ನೋಡಿದ ಕೂಡಲೇ ಅವನಿಗೆ ಗೊತ್ತಾಗಿದೆ. ಬೆಳಗಿನ ಜಾವ ಎದ್ದು, ಯಾರದೋ ಮನೆಯಿಂದ ಮೊಳೆ ತಂದು, ಬಳೆಯನ್ನು ಹೊಡೆದು ಕೂರಿಸಿ, ಮೊಳೆಯ ತಲೆ ಕಾಣದ ಹಾಗೆ ಅರಗು ಮುಚ್ಚಿದ್ದಾನೆ. ದಫೇದಾರರು ಎಳೆದು ನೋಡಿದಾಗ ಸುಮ್ಮನಿದ್ದ. ನಾನು ಮುಟ್ಟಿದ್ದೆ ಎಂದಾಗ ಸುಮ್ಮನಿದ್ದ. ಆಮೇಲೆ ಒಂಬತ್ತು ವರ್ಷ ನನಗೆ ಗೊಂಬೆ ಮಾಡಿಕೊಟ್ಟ. ಕಾರನ್ನು ಮಾರಗೊಡಲಿಲ್ಲ, ಯಾಕೆಂದರೆ ಕೊಂಡವನು ಒಂದಲ್ಲ ಒಂದು ದಿನ ಈ ಕಂಬ ಬಿಚ್ಚುತ್ತಿದ್ದ. ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ. ಸತ್ತು ನಲವತ್ತು ವರ್ಷವಾದ ಮುದುಕನ ಮೇಲೆ ಕೈ ಮಾಡಬೇಕು ಅನ್ನಿಸಿತು. ಅವ್ವ ನೆನಪಾದಳು. ನಾನು ಮಾಡದ ತಪ್ಪನ್ನು ಕ್ಷಮಿಸಿ, ಅದರ ಸಮಾಧಾನದಲ್ಲಿ ಅವಳು ಹೋಗಿದ್ದಳು.

ರವಿಗೆ ಅಲ್ಲೇ, ಇಮ್ತಿಯಾಜ್ ಎದುರಿಗೇ, ಎಲ್ಲ ಹೇಳಿದೆ. ಅವನು ಕುಸಿದ ಗೋಡೆಯ ಮೇಲೆ ಕೂತು ಕೇಳಿದ. ‘ನಂಗೆ ಯಾರೂ ಇದ್ನೆಲ್ಲ ಹೇಳೇ ಇಲ್ವಲ್ಲಕ್ಕ. ಅಕ್ಕನ ಕೈ ತಪ್ಪಿ ಬಿತ್ತು ಅಂತ ಮಾತ್ರ ಅವ್ವ ಹೇಳಿತ್ತು’ ಎಂದ. ಹೇಳಿದ್ದಳು ಹಾಗಾದರೆ. ನನ್ನ ಎದುರಿಗೆ ಹೇಳಿರಲಿಲ್ಲ, ಅಷ್ಟೇ. ಇಮ್ತಿಯಾಜ್ ಸ್ಕ್ರೂಡ್ರೈವರನ್ನು ಕೈಯಲ್ಲೇ ತಿರುಗಿಸುತ್ತ ನಿಂತಿದ್ದ. ಏನು ಮಾಡೋಣ ಎಂದು ಕೊನೆಗೆ ಅವನೇ ಕೇಳಿದ. ‘ಬಿಚ್ಚಿ’ ಎಂದೆ. ‘ಒಂದು ತಿರುಪೂ ಬಿಡಬೇಡಿ, ಎಲ್ಲ ಬಿಚ್ಚಿ.’ ಇದನ್ನು ಅಂಗಡಿ ಮುಂದೆ ನಿಲ್ಲಿಸಿ, ಅದರ ಬಾಗಿಲು ತೆಗೆದು ಹಾಕಿ ಮಕ್ಕಳು ಆಡುವುದನ್ನು ನಾನು ನೋಡಲಾರೆ. ತಾತ ಅದನ್ನು ಇಡಿಯಾಗಿ ಉಳಿಸಿದ್ದೇ ಮುಚ್ಚಿಡಲು. ಮರದ ಸಾಮಾನೆಲ್ಲ ಏನು ಮಾಡಲಿ ಎಂದು ಇಮ್ತಿಯಾಜ್ ಕೇಳಿದ್ದಕ್ಕೆ, ಬೇಕಾದವರಿಗೆ ಕೊಡಿ, ಇಲ್ಲದಿದ್ದರೆ ಒಲೆಗೆ ಹಾಕಿ ಎಂದೆ. ಆ ಬಳೆಯನ್ನು ಮಾತ್ರ ಮೊಳೆ ಸಮೇತ ಕಿತ್ತು ಕೊಡಲು ಹೇಳಿದೆ.

ಮಧ್ಯಾಹ್ನದ ಹೊತ್ತಿಗೆ ನಾಲ್ಕೂ ಬಾಗಿಲು ಗೋಡೆಗೆ ಒರಗಿದ್ದವು. ಬಾಗಿಲಿಲ್ಲದ ಗಾಡಿ ತೀರಾ ಚಿಕ್ಕದಾಗಿ ಕಂಡಿತು, ಇಷ್ಟರಲ್ಲಿ ನಾವೆಲ್ಲ ಹೇಗೆ ಕೂರುತ್ತಿದ್ದೆವೋ. ಕಂಬದ ಮೇಲೆ ಇಳಿದಿದ್ದ ಅರಗಿನ ಹನಿಯ ಮೇಲೆ ಹೆಬ್ಬೆರಳಿಟ್ಟು ಜೋರಾಗಿ ಉಜ್ಜಿದೆ, ಬೆರಳು ಉರಿಯುವಷ್ಟು. ವಾಸನೆ ಎದ್ದಿತು. ಅಷ್ಟು ವರ್ಷದ ಮೇಲೂ ಅದೇ ವಾಸನೆ, ಜಗುಲಿ, ಬಿಳಿ ಸಿಪ್ಪೆಯ ಸುರುಳಿ, ನನ್ನ ಕೈ ಮೇಲಿನ ಗಟ್ಟಿ ಅಂಗೈ. ಅಸಹ್ಯವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಅದು ನನಗೆ ಇನ್ನೂ ಹಿತವಾಗಿಯೇ ಇತ್ತು, ಅದಕ್ಕೇ ಅಲ್ಲಿ ಇನ್ನು ನಿಲ್ಲಲಾರದೆ ಹೊರಟುಬಿಟ್ಟೆ. ಊಟ ಮಾಡಿಕೊಂಡು ಹೋಗು ಎಂದು ರವಿ ಹಿಂದೆಯೇ ಬಂದ, ಇನ್ನೊಂದು ದಿನ ಎಂದೆ.

ಕನಕಪುರದ ಬಸ್ಸಿನಲ್ಲಿ ಜನ ಕಡಿಮೆ ಇದ್ದರು. ಬಾಗಿಲ ಪಕ್ಕದ ಸೀಟು ಖಾಲಿಯಿತ್ತು. ಗಾಳಿ ಬರ್ತದೆ, ಇಲ್ಲೇ ಕೂತ್ಕಳಿ ಅಮ್ಮ ಎಂದು ಕಂಡಕ್ಟರು ಹೇಳಿದ. ಒಂದು ಗಳಿಗೆ ಕಂಬಿ ಹಿಡಿದು ನಿಂತೆ. ಆಮೇಲೆ ಮುಂದೆ ಹೋಗಿ ಎರಡು ಜನರ ಮಧ್ಯದ ಒಳಗಿನ ಸೀಟಿನಲ್ಲಿ ಕೂತೆ, ಯಾವಾಗಲೂ ಕೂರುವ ಹಾಗೆ. ತವರಿಗೆ ಬಂದು ಹೋಗುವಾಗಲೆಲ್ಲ ಇದೇ ದಾರಿ, ಹೊಂಗನೂರು ದಾಟಿದ ಕೂಡಲೇ ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದೆ. ಈ ಸಲ ತೆರೆದುಕೊಂಡೇ ಇದ್ದೆ. ಕೆರೆಯಲ್ಲಿ ಒಸಿ ನೀರಿತ್ತು, ಏರಿಯ ಮೇಲೆ ಯಾರೋ ಕುರಿ ಮೇಯಿಸುತ್ತಿದ್ದರು. ಡ್ರೈವರ್ ತಿರುವಿನಲ್ಲಿ ಬಸ್ಸನ್ನು ತಿರುಗಿಸಿದ. ನನ್ನ ಎರಡೂ ಕೈಗಳು ನಾನು ಹೇಳದೆಯೇ ಮಡಿಲನ್ನು ಬಿಗಿಯಾಗಿ ತಬ್ಬಿಕೊಂಡವು. ಪಕ್ಕದಲ್ಲಿ ಕೂತಿದ್ದ ಹುಡುಗಿ ಏನಾಯ್ತಜ್ಜಿ ಎಂದು ಕೇಳಿದಳು. ಮಡಿಲಲ್ಲಿ ಕೈಚೀಲವಿತ್ತು, ಅದರೊಳಗೆ ಎರಡು ಮೊಳೆ ಹೊಡೆದ ಮರದ ಬಳೆ. ಏನಿಲ್ಲವ್ವ ಎಂದೆ. ಕೈ ಸಡಿಲ ಮಾಡಲು ಸಾತನೂರಿನವರೆಗೂ ಆಗಲಿಲ್ಲ.